ಹಕ್ಕಿಗೂಡು ಸಮೀಕ್ಷೆಗೊಂದು ತಿದ್ದುಪಡಿ

ಮಾನ್ಯ ಅಧ್ಯಕ್ಷರೇ, ಪರವಾನಗಿ ಕಚೇರಿಯಿಂದ ಬಿಡುವು ಮಾಡಿಕೊಂಡು ಬಂದಿರುವ ಮುಖ್ಯ ಅತಿಥಿಗಳೇ, ಪರಿಸರ ಬಳಗದ ಗೆಳೆಯರೇ, ಫ್ಯಾನಿನ ಕೆಳಗಿನ ಕುರ್ಚಿಗಳನ್ನು ಮೊದಲೇ ಹಿಡಿದಿರುವ ಜಾಣ ಸಭಿಕರೇ,

ಐದು ನಿಮಿಷದಲ್ಲಿ ಮುಗಿಸಿ ಎಂದಿದ್ದಾರೆ. ಮೂವತ್ತನಾಲ್ಕು ವರ್ಷ ಪಾಠ ಹೇಳಿದವನಿಗೆ ಅದು ಹಾಜರಿ ಕೂಗುವುದಕ್ಕೂ ಸಾಲದು. ಆದರೂ ಪ್ರಯತ್ನಿಸುತ್ತೇನೆ, ಮುಂದಿನ ಸಾಲಿನಲ್ಲಿ ನನ್ನ ಹೆಂಡತಿ ಆಗಲೇ ಗಡಿಯಾರ ನೋಡಿಕೊಂಡಿದ್ದಾಳೆ.

"ನಿಖರ ಸಮೀಕ್ಷೆ"ಗಾಗಿ ನನಗೆ ಈ ಸನ್ಮಾನ. ಎರಡು ವರ್ಷದ ಹಿಂದೆ ಕೆರೆಯಂಚಿನ ಹಣ್ಣಿನ ತೋಟದಲ್ಲಿ ನಾನು ಹಕ್ಕಿಗೂಡು ಎಣಿಸಿದೆ. ನಲವತ್ತಮೂರು. ವರದಿಯ ಕೊನೆಗೆ "ಜನವಸತಿ ಇಲ್ಲ" ಎಂದು ಬರೆದು ಸಹಿ ಹಾಕಿದೆ. ಅದನ್ನು ನೋಡಿ ಕಚೇರಿಯವರು ಅಲ್ಲಿ ಕಟ್ಟಡ ಬೇಡವೆಂದರು. ನಾವೆಲ್ಲ ಚಪ್ಪಾಳೆ ತಟ್ಟಿದೆವು.

ಯಾವ ಕಟ್ಟಡ? ಹೋಟೆಲೇ? ಕಾರ್ಖಾನೆಯೇ? ತೋಟದ ಕೆಲಸಗಾರರ ಮನೆಗಳು. ಇಪ್ಪತ್ತೆರಡು ವರ್ಷದ ಹಿಂದೆ ಶಾಸನಸಭೆಯಲ್ಲಿ ಮಂತ್ರಿಗಳು "ಒಂದೇ ವರ್ಷದಲ್ಲಿ ಸೂರು" ಎಂದು ಮೇಜು ಕುಟ್ಟಿ ಮಾತು ಕೊಟ್ಟ ಮನೆಗಳು. ಆ ದಿನದ ಪತ್ರಿಕೆ ಇನ್ನೂ ನನ್ನ ಬಳಿ ಇದೆ. ಮೇಜಿಗೆ ಪೆಟ್ಟು ಬಿತ್ತು, ಅಡಿಪಾಯ ಬೀಳಲಿಲ್ಲ.

ಈ ವರ್ಷ ಹೊಸ ಕಾಯಿದೆ ಬಂದಿದೆ. ಕೆಲಸಗಾರರು ಈಗಾಗಲೇ ವಾಸವಿರುವ ಜಾಗದಲ್ಲೇ ಮನೆ ಕಟ್ಟುವುದಾದರೆ ಪರಿಸರ ಅನುಮತಿಗೆ ವರ್ಷಗಟ್ಟಲೆ ಕಾಯಬೇಕಿಲ್ಲ; ಕೊಳಚೆ ನೀರು ಕೆರೆ ಸೇರದಂತೆ ನೋಡಿಕೊಂಡರೆ ಸಾಕು. ತೋಟದವರು ಅರ್ಜಿ ಹಾಕಿದರು. ಅರ್ಜಿ ವಾಪಸಾಯಿತು. ಕಾರಣ? ಅಲ್ಲಿ ಯಾರೂ ವಾಸವಿಲ್ಲ. ಆಧಾರ? ನನ್ನ ಸಹಿ.

ಹಣ್ಣು ಬಿಡಿಸುವ ಹೆಂಗಸೊಬ್ಬರು ಕಳೆದ ವಾರ ನಮ್ಮ ಗೇಟಿನ ಬಳಿ ಬಂದು ನಿಂತರು.

"ಮೇಷ್ಟ್ರೇ, ಅವತ್ತು ನೀವು ಬಂದಿದ್ದು ಎಷ್ಟು ಗಂಟೆಗೆ?"

"ಹನ್ನೊಂದಕ್ಕಮ್ಮ."

"ಹನ್ನೊಂದಕ್ಕೆ ನಾವು ಆಚೆ ತುದೀಲಿ ಏಣಿ ಮೇಲಿರ್ತೀವಿ. ಹೋಗ್ಲಿ, ನಮ್ಮ ಶೆಡ್ಡಿನ ಬಾಗಿಲಿಗೆಲ್ಲ ಬೀಗ ಇತ್ತಲ್ಲ, ಅದನ್ನೇನು ಹಕ್ಕಿಗಳು ಹಾಕಿದ್ವಾ?"

ಬೀಗ ನನಗೆ ಕಂಡಿತ್ತು, ಸಭಿಕರೇ. ಗೊಬ್ಬರದ ದಾಸ್ತಾನು ಇರಬೇಕು ಅಂದುಕೊಂಡೆ. ಆಕೆಯ ಮಗಳು ಮೂರು ವರ್ಷ ನನ್ನ ತರಗತಿಯಲ್ಲಿ ಓದಿದವಳು. ವಿಳಾಸ ಬರೆಯುವಲ್ಲಿ "ತೋಟ" ಎಂದಷ್ಟೇ ಬರೆದಿದ್ದಳು. "ಅಪೂರ್ಣ" ಎಂದು ಕೆಂಪು ಶಾಯಿಯಲ್ಲಿ ಗುರುತು ಹಾಕಿ ಹಿಂದಕ್ಕೆ ಕೊಟ್ಟಿದ್ದೆ. ಅವಳು ತಿದ್ದಲಿಲ್ಲ. ಏನೆಂದು ತಿದ್ದಬೇಕಿತ್ತು?

ಮೊನ್ನೆ ಸಂಜೆ ಆರಕ್ಕೆ ಮತ್ತೆ ಹೋಗಿ ಎಣಿಸಿದೆ. ಹದಿನಾರು ಕೋಣೆ, ಎಪ್ಪತ್ತೊಂದು ಜನ, ಒಂದು ನಲ್ಲಿ. ಗೂಡುಗಳು ನಲವತ್ತಾರು, ಹೊಸ ಮೂರೂ ಶೆಡ್ಡಿನ ಸೂರಿನಡಿಯಲ್ಲೇ ಇವೆ. ಬಳಗದ ಗೆಳೆಯರೇ, ಮುಖ ಗಂಟು ಹಾಕಿಕೊಳ್ಳಬೇಡಿ. ನಾಳೆ ಕೊಳಚೆ ನೀರು ಕೆರೆಗೆ ಹರಿದರೆ ಮೊದಲ ತಕರಾರು ನನ್ನದೇ.

ಆದ್ದರಿಂದ ಸನ್ಮಾನದ ಫಲಕವನ್ನು ಮೇಜಿನ ಮೇಲೇ ಇಟ್ಟಿರಿ. ತೋಟದವರ ಅರ್ಜಿಯ ಮರುಪರಿಶೀಲನೆಗೆ ಇವತ್ತೇ ಕೊನೆಯ ದಿನ, ಪರವಾನಗಿ ಕಚೇರಿ ಐದಕ್ಕೆ ಮುಚ್ಚುತ್ತದೆ, ಈಗ ನಾಲ್ಕೂವರೆ. ಮುಖ್ಯ ಅತಿಥಿಗಳೇ, ಇದು ನನ್ನ ತಿದ್ದುಪಡಿ ಪತ್ರ, ಇದು ಅದರ ಪ್ರತಿ, ಇದು ಪೆನ್ನು. ಪ್ರತಿಯ ಮೇಲೆ "ಸ್ವೀಕರಿಸಿದೆ" ಎಂದು ಬರೆದು ಸಹಿ ಮಾಡಿ. ಅಲ್ಲಿಯವರೆಗೆ ಮೈಕು ನನ್ನ ಬಳಿಯೇ ಇರುತ್ತದೆ.

ಹಾಂ, ಅಲ್ಲೇ, ಕೆಳಗಡೆ. ದಿನಾಂಕವನ್ನೂ ಹಾಕಿಬಿಡಿ.

ಕರೆದವರಿಗೂ ಕೂತು ಕೇಳಿದವರಿಗೂ ಧನ್ಯವಾದ ಹೇಳುತ್ತೇನೆ. ನಮಸ್ಕಾರ.