ಮೂಲೆ ಸುಟ್ಟ ಕಂಬಳಿ

ಇದು ನಮ್ಮ ಪಕ್ಕದ ಮನೆಯ ಅಕ್ಕನಿಗೆ ಆದದ್ದು. ದೀಪ ಸ್ವಲ್ಪ ಸಣ್ಣದು ಮಾಡಿ... ಹೇಳುತ್ತೇನೆ.

ಅಕ್ಕ ಮತ್ತು ಅವಳ ನಾದಿನಿ ಬಾವಿಯಿಂದ ನೀರು ತುಂಬಿಕೊಂಡು ಬರುತ್ತಿದ್ದರು. ಕತ್ತಲು ಗವ್ವೆನ್ನುತ್ತಿತ್ತು. ಬಯಲಿನ ತುದಿಯಲ್ಲಿ ಅವರ ವ್ಯಾನು. ಒಳಗೇ ಹಾಸಿಗೆ, ಒಲೆ, ಪುಟ್ಟ ಫ್ರಿಜ್ಜು. ಅಕ್ಕನ ಗಂಡ ಒಂದೊಂದೇ ಮೊಳೆ ಹೊಡೆದು ಅದನ್ನು ಮನೆ ಮಾಡಿದ್ದ. ತಂಗಿದಲ್ಲೆಲ್ಲ ಮಡಚುವ ಸೋಲಾರ್ ಪ್ಯಾನೆಲ್ ಹರಡಿ ವ್ಯಾನಿನ ಬ್ಯಾಟರಿಗೆ ಜೋಡಿಸುವುದು ಅವನದೇ ಕೆಲಸ. ಅವನು ತೀರಿಕೊಂಡ ಮೇಲೆ ಅಕ್ಕ ಅದಕ್ಕೆ ಕೈ ಹಾಕಿದ್ದು ಅಂದೇ ಮೊದಲು.

"ಬೆಳಿಗ್ಗೆ ದೊಡ್ಡಣ್ಣ ವ್ಯಾನ್ ಕೊಳ್ಳೋರನ್ನ ಕರ್ಕೊಂಡೇ ಬರ್ತಾನೆ," ನಾದಿನಿ ಪಿಸುಗುಟ್ಟಿದಳು.

"ದೀಪ ಹತ್ತಿಸಿ ತೋರಿಸಿದ್ರೆ ವ್ಯಾನ್ ನೀನೇ ಇಟ್ಕೋ, ಅಂದಿದ್ದಾರಲ್ಲ ಭಾವ."

"ಮಧ್ಯಾಹ್ನ ಹತ್ತಿಸೋಕೆ ಹೋದ್ರಲ್ಲ ಅತ್ತಿಗೆ... ಚಟ್ ಅಂತ ಕಿಡಿ!"

"ಸುಮ್ನಿರೇ."

ಕಿಡಿ ಹಾರಿದ್ದು ನಿಜ. ಪ್ಯಾನೆಲ್ ಬೆನ್ನಿಗೊಂದು ಪೆಟ್ಟಿಗೆ ಇದೆ, ಬ್ಯಾಟರಿಗೆ ಹದವಾಗಿ ಕರೆಂಟು ಬಿಡುವಂಥದ್ದು. ಅದರ ದೀಪ ಆಮೇಲೆ ಕಣ್ಣೇ ಬಿಡಲಿಲ್ಲ.

"ಸಣ್ಣಣ್ಣ ಮೊದ್ಲು ಕಂಬಳಿ ಹೊದಿಸ್ತಿದ್ದ, ಅಲ್ವಾ? ಬಿಸಿಲಲ್ಲಿರೋ ಪ್ಯಾನೆಲ್ ಅಂದ್ರೆ ಬಿಟ್ಟ ನಲ್ಲಿ ಇದ್ದ ಹಾಗೆ, ನಲ್ಲಿ ನಿಲ್ಲಿಸಿ ಪೈಪು ಜೋಡಿಸು, ಅಂತಿದ್ದ. ಆ ಹಸಿರು ಕಂಬಳಿ... ಮೂಲೆ ಸುಟ್ಟಿತ್ತಲ್ಲ, ಬೆಸುಗೆ ಕಡ್ಡಿ ತಾಗಿ."

"ಅದನ್ನೇ ಹೊದಿಸಿ ಆಸ್ಪತ್ರೆಗೆ ಕಳಿಸಿದ್ವಿ. ಅವರೂ ಬರಲಿಲ್ಲ, ಅದೂ ಬರಲಿಲ್ಲ." ಅಕ್ಕ ನೀರಿನ ಕ್ಯಾನನ್ನು ಇನ್ನೊಂದು ಕೈಗೆ ಬದಲಾಯಿಸಿದಳು. "ಬೇರೆ ಏನಾದ್ರೂ ಹೊದಿಸ್ಬಹುದು ಕಣೇ. ಯಾವ ತಂತಿ ಮೊದಲು... ಅದೇ ನೆನಪಾಗ್ತಿಲ್ಲ."

ಮಲಗಿದರೂ ಅಕ್ಕನಿಗೆ ನಿದ್ದೆ ಹತ್ತಲಿಲ್ಲ. ಮಗ್ಗುಲು ಬದಲಿಸಿದಳು. ಎದ್ದು ನೀರು ಕುಡಿದಳು. ಮತ್ತೆ ಮಲಗಿದಳು. ತಲೆಯಲ್ಲಿ ಅದೇ... ಕೆಂಪು ತಂತಿ, ಕಪ್ಪು ತಂತಿ.

ಆಗ ಹೊರಗೆ... ಕಟಕ್.

ಜೋಡಿಸಿದ ತಂತಿಯನ್ನು ಎಳೆದು ಬಿಡಿಸುವ ಸದ್ದು. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಕಿರ್... ಕಿರ್... ಕಿರ್...

"ಕೇಳಿಸ್ತಾ?" ಎಂದಳು ಅಕ್ಕ.

"ಹ್ಞೂಂ. ನಾಯಿ ಇರ್ಬೇಕು."

"ನಾಯಿ ಸ್ಕ್ರೂ ತಿರುಗಿಸುತ್ತಾ ಕಣೇ?"

ನಾದಿನಿ ಅಕ್ಕನ ತೋಳು ಬಿಗಿಯಾಗಿ ಹಿಡಿದಳು. ಹೊರಗೆ ದಪ್ಪ ಬಟ್ಟೆಯೊಂದನ್ನು ಯಾರೋ ಕೊಡವಿದರು. ಫಡ್... ಫಡ್. ಆಮೇಲೆ ವ್ಯಾನಿನ ಬಾಗಿಲಿಗೆ ಬೆರಳ ಗೆಣ್ಣಿನಿಂದ... ಟಕ್, ಟಕ್.

ಕೆಲಸ ಮುಗಿದಾಗ ಅಕ್ಕನ ಗಂಡ ಹಾಗೆಯೇ ಬಡಿಯುತ್ತಿದ್ದ. ಟೀ ಆಯ್ತಾ, ಎನ್ನುವುದಕ್ಕೆ.

ಇಬ್ಬರೂ ಬಾಗಿಲು ತೆರೆಯಲಿಲ್ಲ.

ಬೆಳಕು ಹರಿದ ಮೇಲೆ ಅಕ್ಕ ಇಳಿದು ನೋಡಿದಳು. ಪ್ಯಾನೆಲ್ ಮೇಲೆ ಕಂಬಳಿ ಹೊದಿಸಿತ್ತು, ನಾಲ್ಕೂ ಅಂಚು ಅಡಿಗೆ ಸಿಕ್ಕಿಸಿ. ಬ್ಯಾಟರಿಯ ತಂತಿ ಪೆಟ್ಟಿಗೆಗೆ ಬಿಗಿಯಾಗಿ ಕೂತಿತ್ತು. ಪ್ಯಾನೆಲಿನ ತಂತಿಗಳನ್ನು ಮಾತ್ರ ಜೋಡಿಸದೆ, ಪಕ್ಕದಲ್ಲಿ ನೆಟ್ಟಗೆ ಇಟ್ಟಿತ್ತು... ಅವಳಿಗೆಂದೇ.

ಹೌದು. ಬ್ಯಾಟರಿ ಮೊದಲು. ಪ್ಯಾನೆಲ್ ಆಮೇಲೆ.

ಬಿಸಿಲೇರಿದಾಗ ಭಾವ ಬಂದರು, ಹಿಂದೆ ಕೊಳ್ಳುವವನು. ಅವರ ಕಣ್ಣೆದುರೇ ಅಕ್ಕ ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು ಜೋಡಿಸಿದಳು. ಕಂಬಳಿ ಎಳೆದಳು. ಪೆಟ್ಟಿಗೆಯಲ್ಲಿ ಹಸಿರು ದೀಪ ಹತ್ತಿತು.

"ಯಾರಮ್ಮ ಕಲಿಸಿದ್ದು?" ಎಂದರು ಭಾವ.

ಅಕ್ಕ ಕಂಬಳಿ ಮಡಚಿದಳು. ಕೊಳ್ಳುವವನು ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟ.

ಕನಸು ಅಂತೀರಾ? ಇಬ್ಬರಿಗೆ ಒಂದೇ ಕನಸು ಬೀಳುತ್ತದೆಯೇ? ನಡೆದದ್ದನ್ನೇ ಹೇಳುತ್ತಿದ್ದೇನೆ. ಆ ಕಂಬಳಿ ಈಗಲೂ ವ್ಯಾನಿನಲ್ಲಿದೆ. ಹಸಿರು ಬಣ್ಣ. ಮೂಲೆಯಲ್ಲಿ ಸುಟ್ಟ ತೂತು... ಅದರಲ್ಲಿ ನಾನೇ ಕಿರುಬೆರಳು ತೂರಿಸಿ ನೋಡಿದ್ದೇನೆ.