ಜಯಶೀಲಮ್ಮನ ಫೋಟೊ

ಕತ್ತಲಾಗಿತ್ತು. ಉತ್ತರಹಳ್ಳಿಯಲ್ಲಿ ಬಸ್ಸಿಳಿದು, ಹಳೆಯ ಆಲದ ಮರ ದಾಟಿ ತವರಿಗೆ ನಡೆಯುತ್ತಿದ್ದ ಉಮಾಮಹೇಶ್ವರಿಗೆ ಹೆದರಿಕೆಯಾಗಲಿಲ್ಲ... ಅಮ್ಮನನ್ನು ಮಣ್ಣು ಮಾಡಿದಂದಿನಿಂದ ಅವಳಿಗೆ ಏನೂ ಅನ್ನಿಸುತ್ತಿರಲಿಲ್ಲ. ನಮ್ಮ ಪಕ್ಕದ ಮನೆಯವಳೇ ಅವಳು, ಸುಳ್ಳಾಡುವವಳಲ್ಲ.

ಮರುದಿನ ಶಿವಗಣಾರಾಧನೆ. ಪೂಜೆಗಿಡಲು ಅಮ್ಮನ ಫೋಟೊ ಬೇಕಿತ್ತು. ಮನೆಯ ಫೋಟೊಗಳೆಲ್ಲ ಇದ್ದದ್ದು ತಮ್ಮ ಶಶಿಕಾಂತನ ಹಾರ್ಡ್ ಡಿಸ್ಕಿನಲ್ಲಿ. ಅದನ್ನು ಕಂಪ್ಯೂಟರಿಗೆ ಸಿಕ್ಕಿಸಿದಳು. ಟುಡುಂ... ಒಳಗೆ ಗುಂಯ್ ಎಂಬ ಸಣ್ಣ ಸದ್ದು.

ಗೃಹಪ್ರವೇಶ, ನಾಮಕರಣ, ಮದುವೆ. ಎಲ್ಲದರಲ್ಲೂ ಅಮ್ಮ ಜಯಶೀಲಮ್ಮ ಕಣ್ಣು ಮುಚ್ಚಿದ್ದರು.

"ಅಮ್ಮಂಗೆ ಫ್ಲಾಶ್ ಅಂದ್ರೆ ಜೋಗುಳ," ಶಶಿಕಾಂತ ಪಿಸುಗುಟ್ಟಿದ. ಒಳಗೆ ನೆಂಟರು ಮಲಗಿದ್ದರು. "ಇದನ್ನೇ ಫ್ರೇಮ್ ಹಾಕ್ಸೋಣ ಬಿಡಕ್ಕ."

"ಕಣ್ಣು ಮುಚ್ಚಿರೋದನ್ನ ಮೊನ್ನೆ ನೋಡಿದ್ದು ಸಾಲ್ದೇನೋ? ದಿನಾ ನೋಡ್ಬೇಕಾ?"

ಡುಟುಂ. ಸಂಪರ್ಕ ತಪ್ಪಿತು. ಡಿಸ್ಕ್ ತಿರುಗಿಸಿದರೆ, ವೈರು ಸಿಕ್ಕಿಸುವ ಕಿಂಡಿಯ ತುಂಬ ಬಿಳಿ ಪುಡಿ.

"ವಿಭೂತಿನಾ?"

"ಆಯುಧಪೂಜೇಲಿ ಅಮ್ಮಾನೇ ಬಳಿದಿದ್ದು. ಬೇಡ ಅಂದ್ರೆ, ಇದಕ್ಕೂ ಆಯಸ್ಸು ಬೇಡ್ವೇನೋ ಅಂದ್ಲು."

ಅವನು ನೀರು ಕುಡಿಯಲು ಎದ್ದುಹೋದ. ಅವಳು ವೈರು ಬಿಚ್ಚಿ, ಡಿಸ್ಕನ್ನು ಮಡಿಲಲ್ಲಿಟ್ಟುಕೊಂಡು, ಮುಂದೆ ಬಿದ್ದ ಜಡೆಯನ್ನು ಬೆನ್ನಿಗೆಸೆದು, ಪಿನ್ನಿನಿಂದ ಕೆರೆಯತೊಡಗಿದಳು. ಕರ್... ಕರ್...

ಟುಡುಂ.

ವೈರು ಮೇಜಿನ ಮೇಲಿತ್ತು. ಮಡಿಲಲ್ಲಿ ಡಿಸ್ಕ್ ಗುಂಯ್ಗುಡುತ್ತಿತ್ತು...

ತಲೆಯೆತ್ತಿದಳು. ಪರದೆಯ ಮೇಲೆ ಗೃಹಪ್ರವೇಶದ ಅದೇ ಫೋಟೊ. ಅದೇ ಹಸಿರು ಸೀರೆ. ಅಮ್ಮನ ಕಣ್ಣು ತೆರೆದಿತ್ತು.

ಕೂಗಬೇಕೆನ್ನಿಸಲಿಲ್ಲ. ಅಳು ಕೂಡ ಬರಲಿಲ್ಲ. ಫೋಟೊವನ್ನು ಪೆನ್ ಡ್ರೈವಿಗೆ ಇಳಿಸಿಕೊಂಡು, ಕಂಪ್ಯೂಟರ್ ಆರಿಸಿ, ಸೀರೆಯ ಮೇಲಿನ ಪುಡಿ ಕೊಡವಿಕೊಂಡಳು.

ಬೆಳಿಗ್ಗೆ ತ್ಯಾಗರಾಜನಗರದ ಫ್ರೇಮ್ ಅಂಗಡಿಯವನು ಪ್ರಿಂಟನ್ನು ಬೆಳಕಿಗೆ ಹಿಡಿದ. "ಮೇಡಂ, ಫೋಟೊ ತೆಗೆಯೋವಾಗ ಅಮ್ಮ ಟಿವಿ ನೋಡ್ತಿದ್ರಾ?"

ಎರಡೂ ಕಣ್ಣಪಾಪೆಗಳಲ್ಲಿ ಪುಟ್ಟದೊಂದು ಬಿಳಿಯ ಚೌಕ. ಗೃಹಪ್ರವೇಶದ ದಿನ ಆ ಮನೆಯಲ್ಲಿ ಟಿವಿ ಇರಲಿಲ್ಲ, ಕಂಪ್ಯೂಟರೂ ಇರಲಿಲ್ಲ.

"ಇರಲಿ ಅಣ್ಣ. ಫ್ರೇಮ್ ಹಾಕಿ."

ಇಂಥ ಕತೆಗಳನ್ನು ನಾನು ನಂಬುವವಳಲ್ಲ. ಬೆಳಕು ಪ್ರತಿಫಲಿಸಿರಬಹುದು ಎಂದು ನಾನೂ ವಾದಿಸಿದ್ದೆ. ಆಮೇಲೆ ಅವಳ ತವರಿನ ನಡುಮನೆಗೆ ಹೋಗಿ, ಕನ್ನಡಕ ಒರೆಸಿಕೊಂಡು, ಹತ್ತಿರದಿಂದ ನೋಡಿದೆ. ಬೇಕಾದರೆ ನೀವೂ ಹೋಗಿ ನೋಡಿ... ಆ ಚೌಕದ ಮುಂದೆ ಒಬ್ಬಳು ಕೂತಿದ್ದಾಳೆ. ಮುಖ ಕಾಣುವುದಿಲ್ಲ. ಬೆನ್ನು ಕಾಣುತ್ತದೆ, ಬೆನ್ನ ಮೇಲೆ ಜಡೆ.