ಟಕ್ ಅನ್ನದ ಪಿಸ್ತೂಲು

ನೆಬ್ರಾಸ್ಕಾದ ನಮ್ಮ ಪಿಸ್ತೂಲು ಸ್ಪರ್ಧೆಯಲ್ಲಿ ಎರಡನೇ ಸುತ್ತು ಆಗಷ್ಟೇ ಮುಗಿದಿತ್ತು. ಶೌಚಾಲಯದ ಸಾಲಿನಲ್ಲಿ ನನ್ನ ಮುಂದೆ ಹಳೆಯ ಸ್ಪರ್ಧಿ ಮಾರ್ಲಿಸ್ ನಿಂತಿದ್ದರು. ಅವರ ಮುಂದೆ, ಮೊದಲ ಬಾರಿ ಸ್ಪರ್ಧೆಗೆ ಬಂದಿದ್ದ ಅವರ ಸೊಸೆ ಜನೆಲ್. ಇಬ್ಬರ ಸೊಂಟದಲ್ಲೂ ಪಿಸ್ತೂಲಿತ್ತು. ಸುತ್ತು ಮುಗಿದ ಮೇಲೆ, ಮೇಲ್ವಿಚಾರಕರಾದ ರೇಂಜ್ ಆಫೀಸರ್ ಎದುರು ಗುಂಡು ತೆಗೆದು, ಟ್ರಿಗರ್ ಒತ್ತಿ ತೋರಿಸಿಯೇ ಅದನ್ನು ಒರೆಗೆ ಹಾಕಬೇಕೆಂಬುದು ನಿಯಮ.

“ಅತ್ತೆ, ಖಾಲಿ ಮಾಡಿದ್ಮೇಲೆ ಟ್ರಿಗರ್ ಒತ್ತಿದ್ರೆ ಟಕ್ ಅನ್ಬೇಕಲ್ವಾ?” ಜನೆಲ್ ಪಿಸುಗುಟ್ಟಿದಳು.

“ಅನ್ಲೇಬೇಕು. ಯಾಕೆ?”

“ನಾನು ಒತ್ಲೇ ಇಲ್ಲ. ರೇಂಜ್ ಆಫೀಸರ್ ಟೋಪಿ ಗಾಳಿಗೆ ಹಾರ್ತು, ಅವ್ರು ಆ ಕಡೆ ತಿರುಗಿದ್ರು. ನಾನು ಸೀದಾ ಒರೆಗೆ ಹಾಕ್ಬಿಟ್ಟೆ.”

“ಒಳಗಿದ್ದ ಗುಂಡು ತೆಗ್ದೆ ತಾನೇ?”

“ಒಂದು ಹೊರಗೆ ಬಿತ್ತು. ಜೇಬಲ್ಲಿದೆ.”

“ಮೊದ್ಲು ಗುಂಡು ತುಂಬಿದ್ದ ಮ್ಯಾಗಜಿನ್ ತೆಗ್ದೆಯಾ, ಇಲ್ಲ ಪಿಸ್ತೂಲಿನ ಮೇಲಿನ ಸ್ಲೈಡ್ ಎಳ್ದೆಯಾ?”



“ಸ್ಲೈಡ್.”

“ಅಯ್ಯೋ ಹುಡುಗಿ! ಹಾಗಾದ್ರೆ ಮ್ಯಾಗಜಿನ್ನಿಂದ ಇನ್ನೊಂದು ಗುಂಡು ಒಳಗೆ ಹೋಗಿರುತ್ತೆ.”

ಜನೆಲ್‌ಳ ಕೈ ಸೊಂಟದತ್ತ ಹೋಯಿತು.

“ಮುಟ್ಬೇಡ! ಎರಡೂ ಕೈ ಎದೆ ಮೇಲಿಟ್ಕೋ. ಒಳಗೆ ಹೋಗಿ ಬೆಲ್ಟ್ ಬಿಚ್ದಾಗ ಪಿಸ್ತೂಲು ಕೆಳಗೆ ಬಿದ್ದು ಗುಂಡು ಹಾರಿದ್ರೆ?”

“ಹೇಳ್ಬೇಡಿ ಅತ್ತೆ, ನಿಂತಲ್ಲೇ ಆಗ್ಬಿಡುತ್ತೆ.”

“ತಡ್ಕೋ. ಆಫೀಸರನ್ನ ಕರೀತೀನಿ.”

“ಕರೆದ್ರೆ ಸ್ಪರ್ಧೆಯಿಂದ ಹೊರಗೆ ಹಾಕ್ತಾರೆ. ಮನೆಗೆ ಕಳಿಸ್ತಾರೆ.”

“ಕಳಿಸ್ಲಿ. ಎರಡು ಕಾಲ ಮೇಲೆ ನಡ್ಕೊಂಡು ಹೋಗ್ತೀಯಲ್ಲ, ಸಾಕು.”

ಮಾರ್ಲಿಸ್ ಕೈ ಎತ್ತಿ ಕೂಗಿದರು. ಸಾಲಿನಲ್ಲಿದ್ದ ನಾವೆಲ್ಲ ಹಿಂದೆ ಸರಿದೆವು. ಆಫೀಸರ್ ಬಂದು ಜನೆಲ್‌ಳನ್ನು ಪಿಸ್ತೂಲು ಖಾಲಿ ಮಾಡಿಸಲು, ಗುಂಡು ತಡೆಯುವ ಮಣ್ಣಿನ ದಿಬ್ಬದ ಕಡೆಗೆ ನಿಧಾನವಾಗಿ ಕರೆದೊಯ್ದರು. ಬೇರೆ ಯಾರೂ ಹತ್ತಿರ ಬರದಂತೆ, ಮಾರ್ಲಿಸ್ ಸೊಸೆಯ ಪಿಸ್ತೂಲಿದ್ದ ಬಲಬದಿಯಲ್ಲೇ ಅವಳ ಜೊತೆ ನಡೆದರು.